ಸದನದ ಬೀಗದ ಕೈ

ಸಂಸತ್ ಅಧಿವೇಶನದಲ್ಲಿ ಎರಡು ದಿನ ಗದ್ದಲವಾದರೆ ಸಾಕು, ಒಂದು ಲೆಕ್ಕ ತಪ್ಪದೆ ಹೊರಬೀಳುತ್ತದೆ: ಕಲಾಪ ನಡೆಯದ ಪ್ರತಿ ನಿಮಿಷಕ್ಕೆ ಇಂತಿಷ್ಟು ಲಕ್ಷ ರೂಪಾಯಿ ನಷ್ಟ. ವಾಟ್ಸ್‌ಆ್ಯಪ್‌ನಲ್ಲಿ ಅದು ಸುತ್ತುತ್ತದೆ, ಟಿ.ವಿ. ನಿರೂಪಕರು ಅದನ್ನು ಗಂಟೆಗೆ ಗುಣಿಸುತ್ತಾರೆ, ಬೆಳಗಿನ ವಾಕಿಂಗ್‌ನಲ್ಲಿ ಸಿಗುವ ನಮ್ಮ ಬಡಾವಣೆಯ ಹಿರಿಯರೊಬ್ಬರು ‘ಎಲ್ಲರ ಸಂಬಳ ಕಟ್ ಮಾಡ್ಬೇಕು ಸಾರ್’ ಎಂದು ತೀರ್ಪು ಕೊಡುತ್ತಾರೆ. ಸಿಟ್ಟು ಸಹಜವೇ. ಆದರೆ ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಸದನ ಸೇರಿದ ದಿನ ಹಾಳಾದ ನಿಮಿಷಗಳನ್ನು ನಾವು ಎಣಿಸುತ್ತೇವೆ. ಸದನವನ್ನೇ ಕರೆಯದ ದಿನಗಳನ್ನು ಎಣಿಸುವುದಿಲ್ಲ.

1952ರಿಂದ 1957ರವರೆಗಿನ ಮೊದಲ ಲೋಕಸಭೆ 677 ದಿನ ಸೇರಿತ್ತು. 2019ರಿಂದ 2024ರವರೆಗಿನ ಹದಿನೇಳನೇ ಲೋಕಸಭೆ ಸೇರಿದ್ದು 274 ದಿನ. ವರ್ಷಕ್ಕೆ ಸರಾಸರಿ 135 ದಿನ ಎಲ್ಲಿ, 55 ಎಲ್ಲಿ! ನಡುವೆ ಕೋವಿಡ್ ಬಂದಿತ್ತು, ಒಪ್ಪೋಣ. ಆದರೆ ಈ ಇಳಿಕೆ ಕೋವಿಡ್‌ಗಿಂತ ಬಹಳ ಹಳೆಯದು. ಹದಿನೈದನೇ ಲೋಕಸಭೆಯ ಹೊತ್ತಿಗೇ ನಾವು ವರ್ಷಕ್ಕೆ 70ರ ಆಸುಪಾಸಿಗೆ ಬಂದು ನಿಂತಿದ್ದೆವು. ಯಾವ ಪಕ್ಷದ ಸರ್ಕಾರವೂ ಈ ಇಳಿಜಾರನ್ನು ಹತ್ತಿಸುವ ಗೋಜಿಗೆ ಹೋಗಲಿಲ್ಲ.

ಯಾಕೆ ಹೋಗಬೇಕು? ಸಂವಿಧಾನದ 85ನೇ ವಿಧಿ ಕೇಳುವುದು ಇಷ್ಟೇ: ಒಂದು ಅಧಿವೇಶನದ ಕೊನೆಯ ದಿನಕ್ಕೂ ಮುಂದಿನದರ ಮೊದಲ ದಿನಕ್ಕೂ ನಡುವೆ ಆರು ತಿಂಗಳು ಕಳೆಯಬಾರದು. ಮೊದಲು ‘ವರ್ಷಕ್ಕೆ ಕನಿಷ್ಠ ಎರಡು ಬಾರಿ’ ಎಂಬ ಮಾತೂ ಇತ್ತು. 1951ರ ಮೊದಲ ತಿದ್ದುಪಡಿಯಲ್ಲಿ ಅದು ಬಿದ್ದುಹೋಯಿತು. ಯಾವಾಗ ಕರೆಯಬೇಕು, ಎಷ್ಟು ದಿನಕ್ಕೆ ಕರೆಯಬೇಕು ಎಂಬುದು ಸಚಿವ ಸಂಪುಟದ ತೀರ್ಮಾನ. ಆದೇಶ ರಾಷ್ಟ್ರಪತಿಗಳ ಹೆಸರಿನಲ್ಲಿ ಹೊರಡುತ್ತದೆ, ಅಷ್ಟೆ. ಸರ್ಕಾರವನ್ನು ಪ್ರಶ್ನೆ ಕೇಳಲೆಂದೇ ಕಟ್ಟಿದ ಮನೆ ಅದು. ಆ ಮನೆಯ ಬೀಗದ ಕೈ ಸರ್ಕಾರದ ಸೊಂಟದಲ್ಲೇ ಇದೆ. ಪರೀಕ್ಷೆ ಬರೆಯುವ ಹುಡುಗನೇ ವೇಳಾಪಟ್ಟಿ ಹಾಕುವುದಾದರೆ ಗಣಿತದ ಪರೀಕ್ಷೆ ಯಾವತ್ತು ಬಂದೀತು?

ಈ ಅನುಮಾನ ಹೊಸದಲ್ಲ. 1949ರಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಈ ವಿಧಿ ಚರ್ಚೆಗೆ ಬಂದಾಗ ಕೆ.ಟಿ. ಶಾ ಎದ್ದು ನಿಂತಿದ್ದರು. ಸರ್ಕಾರ ಕರೆಯದಿದ್ದರೆ ಸದನದ ಅಧ್ಯಕ್ಷರೇ ಸಭೆ ಕರೆಯುವ ಅವಕಾಶ ಇರಲಿ ಎಂಬುದು ಅವರ ವಾದ. ಅಂಬೇಡ್ಕರ್ ಒಪ್ಪಲಿಲ್ಲ. ಇದು ಕನಿಷ್ಠ ಮಿತಿ ಮಾತ್ರ, ಜವಾಬ್ದಾರಿಯುಳ್ಳ ಸರ್ಕಾರ ಇದಕ್ಕಿಂತ ಹೆಚ್ಚೇ ಕರೆಯುತ್ತದೆ ಎಂದು ಅವರು ನಂಬಿದ್ದರು. ಅಧಿವೇಶನಗಳು ಅತಿಯಾಗಿ ಸದಸ್ಯರಿಗೇ ಸಾಕುಸಾಕಾದೀತು ಎನ್ನುವುದು ಅವರಿಗಿದ್ದ ಆತಂಕ. ಅಂಬೇಡ್ಕರರ ಅಂದಾಜು ತಪ್ಪಿದ ಕೆಲವೇ ಜಾಗಗಳಲ್ಲಿ ಇದೂ ಒಂದು ಎಂದು ನನ್ನ ಅಭಿಪ್ರಾಯ.

ಕನಿಷ್ಠ ದಿನಗಳನ್ನು ನಿಗದಿ ಮಾಡಿ ಎಂಬ ಸಲಹೆಯೂ ಹಳೆಯದೇ. ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿ ಲೋಕಸಭೆ ವರ್ಷಕ್ಕೆ 120 ದಿನ, ರಾಜ್ಯಸಭೆ 100 ದಿನವಾದರೂ ಸೇರಬೇಕು ಎಂದಿತು. ವರದಿ ಕಪಾಟು ಸೇರಿತು. ಆದರೆ ಸಂಖ್ಯೆ ಬರೆದಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಒಮ್ಮೆ ಬೆಂಗಳೂರಿನ ಕಡೆ ನೋಡಬೇಕು. ವರ್ಷಕ್ಕೆ 60 ದಿನವಾದರೂ ವಿಧಾನಮಂಡಲ ಸೇರಬೇಕು ಎಂದು ಕರ್ನಾಟಕ 2005ರಲ್ಲಿ ಕಾಯ್ದೆಯನ್ನೇ ಮಾಡಿಕೊಂಡಿದೆ. ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನವನ್ನು ಕೂಡಿಸಿದರೂ ಆ 60 ತುಂಬುವುದು ಅಪರೂಪ. ಕಾಯ್ದೆ ಮುರಿದವರು ಕಾಯ್ದೆ ಮಾಡಿದವರೇ ಆದಾಗ ಕೇಳುವವರು ಯಾರು? ಬೀಗದ ಕೈ ಅದೇ ಸೊಂಟದಲ್ಲಿ ಇರುವವರೆಗೆ ಸಂಖ್ಯೆ ಗೋಡೆಯ ಮೇಲಿನ ಬರಹ.

ಸದನದ ಯಂತ್ರದಲ್ಲಿ ಎಲ್ಲೆಲ್ಲಿ ಹಲ್ಲು ಮುರಿದಿದೆ ಎಂದು ನೋಡಲು ಹತ್ತು ಉದಾಹರಣೆ ಬೇಡ, ಕೃಷಿ ಕಾಯ್ದೆಗಳ ಕಥೆಯೊಂದೇ ಸಾಕು. ಆ ಕಾಯ್ದೆಗಳು ರೈತರಿಗೆ ಒಳ್ಳೆಯವೋ ಕೆಟ್ಟವೋ ಎಂಬ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಅವು ನಡೆದು ಬಂದ ದಾರಿಯನ್ನಷ್ಟೇ ನೋಡಿ.

2020ರ ಮಾರ್ಚ್ 23ರಂದು ಬಜೆಟ್ ಅಧಿವೇಶನ ಅವಧಿಗೆ ಮೊದಲೇ ಮುಗಿಯಿತು. ಜೂನ್ 5ರಂದು ಮೂರು ಸುಗ್ರೀವಾಜ್ಞೆಗಳು ಹೊರಬಿದ್ದವು. ಸಂಸತ್ತು ಮತ್ತೆ ಸೇರಿದ್ದು ಸೆಪ್ಟೆಂಬರ್ 14ಕ್ಕೆ, ಆರು ತಿಂಗಳ ಗಡುವಿಗೆ ಇನ್ನೇನು ಒಂಬತ್ತು ದಿನ ಇರುವಾಗ. ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನು ಕೈಬಿಡಲಾಗಿತ್ತು. ಸುಗ್ರೀವಾಜ್ಞೆಗಳ ಜಾಗಕ್ಕೆ ಬಂದ ಮಸೂದೆಗಳು ಯಾವ ಸಮಿತಿಗೂ ಹೋಗಲಿಲ್ಲ. ವಾರ ಕಳೆಯುವುದರೊಳಗೆ ಲೋಕಸಭೆ ದಾಟಿದವು.

ಸೆಪ್ಟೆಂಬರ್ 20, ಭಾನುವಾರ, ರಾಜ್ಯಸಭೆ. ಮಸೂದೆಗಳನ್ನು ಆಯ್ಕೆ ಸಮಿತಿಗೆ ಕಳಿಸಿ ಎಂಬ ಸೂಚನೆ ಧ್ವನಿಮತದಲ್ಲಿ ಬಿತ್ತು. ಧ್ವನಿಮತ ಎಂದರೆ ಗೊತ್ತಲ್ಲ: ಪರವಾಗಿರುವವರು ‘ಹೌದು’ ಅನ್ನಬೇಕು, ವಿರೋಧ ಇರುವವರು ‘ಇಲ್ಲ’ ಅನ್ನಬೇಕು, ಪೀಠದಲ್ಲಿರುವವರ ಕಿವಿಗೆ ಯಾವುದು ಜೋರಾಗಿ ಕೇಳಿಸಿತೋ ಅದೇ ಸದನದ ತೀರ್ಮಾನ. ಯಾರು ಏನೆಂದರು ಎಂಬುದಕ್ಕೆ ದಾಖಲೆ ಇರುವುದಿಲ್ಲ. ಒಪ್ಪದ ಸದಸ್ಯರು ಮತ ವಿಭಜನೆ ಕೇಳಬಹುದು. ಆಗ ಒಬ್ಬೊಬ್ಬರ ಮತವೂ ದಾಖಲಾಗುತ್ತದೆ. ಅಂದು ವಿರೋಧ ಪಕ್ಷಗಳು ಅದನ್ನು ಕೇಳಿದವು. ಸಿಗಲಿಲ್ಲ. ಕೇಳಿದವರು ತಮ್ಮ ಆಸನಗಳಲ್ಲಿ ಇರಲಿಲ್ಲ, ಸದನ ಶಿಸ್ತಿನಲ್ಲಿ ಇರಲಿಲ್ಲ ಎಂಬುದು ಉಪಸಭಾಪತಿ ಹರಿವಂಶ್ ಅವರ ಸಮಜಾಯಿಷಿ. ಸದಸ್ಯರು ಪೀಠದ ಮುಂದಿನ ಬಾವಿಗಿಳಿದಿದ್ದರು, ನಿಯಮಾವಳಿ ಪುಸ್ತಕ ಹರಿದಿತ್ತು, ಮೈಕುಗಳು ಮುರಿದಿದ್ದವು. ಮರುದಿನ ಎಂಟು ಸದಸ್ಯರ ಅಮಾನತು. ಕರ್ನಾಟಕದ ಸೈಯದ್ ನಾಸಿರ್ ಹುಸೇನ್ ಅವರಲ್ಲಿ ಒಬ್ಬರು.

ನವೆಂಬರ್ ಕೊನೆಗೆ ರೈತರು ದೆಹಲಿಯ ಗಡಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಕೂತರು. ಆ ಚಳಿಗಾಲ ಸಂಸತ್ತಿನ ಅಧಿವೇಶನವೇ ನಡೆಯಲಿಲ್ಲ. ಕೋವಿಡ್ ಕಾರಣ ಕೊಡಲಾಯಿತು. 2021ರ ಜನವರಿ 12ರಂದು ಸುಪ್ರೀಂ ಕೋರ್ಟ್ ಕಾಯ್ದೆಗಳಿಗೆ ತಡೆ ಕೊಟ್ಟು, ಎಲ್ಲರ ಅಹವಾಲು ಕೇಳಲು ಒಂದು ಸಮಿತಿ ನೇಮಿಸಿತು. ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ರೈತರನ್ನು, ಮಂಡಿ ವರ್ತಕರನ್ನು, ಅರ್ಥಶಾಸ್ತ್ರಜ್ಞರನ್ನು ಕರೆದು ಕೂರಿಸಿ ಕೇಳುವ ಸಮಿತಿ. ಸಂಸತ್ತು ಮಾಡಬೇಕಿದ್ದ ಕೆಲಸ ಅದು. ಮಸೂದೆ ಕಾಯ್ದೆಯಾಗಿ, ಜನ ಬೀದಿಗೆ ಬಂದು, ಕೋರ್ಟು ಆ ಕೆಲಸವನ್ನು ಬೇರೆಯವರಿಗೆ ವಹಿಸಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಕೊನೆಗೆ 2021ರ ನವೆಂಬರ್ 29ರಂದು ಮೂರೂ ಕಾಯ್ದೆಗಳ ರದ್ದತಿಗೆ ಸಂಸತ್ತು ಒಪ್ಪಿತು. ರದ್ದತಿ ಮಸೂದೆಯನ್ನು ಎರಡೂ ಸದನಗಳು ಒಂದೇ ದಿನ ಅಂಗೀಕರಿಸಿದವು. ಲೋಕಸಭೆಯಲ್ಲಿ ಚರ್ಚೆಗೆ ಅವಕಾಶವೇ ಸಿಗಲಿಲ್ಲ. ತರುವಾಗಲೂ ಅವಸರ, ತೆಗೆಯುವಾಗಲೂ ಅವಸರ.

ಸರ್ಕಾರ ಅಂದು ಮೂರು ತಿಂಗಳು ತಾಳಿದ್ದರೆ ತನ್ನ ಕಾಯ್ದೆಯನ್ನು ತಾನೇ ಉಳಿಸಿಕೊಳ್ಳುತ್ತಿತ್ತೇನೋ. ತಾಳ್ಮೆಯಿಂದ ಕೆಲಸ ಕೆಡುವುದಿಲ್ಲ ಎನ್ನುವುದಕ್ಕೆ ದಿವಾಳಿ ಸಂಹಿತೆಯೇ ಸಾಕ್ಷಿ. 2015ರ ಡಿಸೆಂಬರ್‌ನಲ್ಲಿ ಮಂಡನೆಯಾಯಿತು, ಜಂಟಿ ಸಮಿತಿ ನಾಲ್ಕು ತಿಂಗಳು ಕೂತು ಅದನ್ನು ತಿದ್ದಿತು, 2016ರ ಮೇ ತಿಂಗಳಲ್ಲಿ ಎರಡೂ ಸದನಗಳು ಒಪ್ಪಿದವು. ಬ್ಯಾಂಕುಗಳ ಕೆಟ್ಟ ಸಾಲದಷ್ಟು ಜಟಿಲ ವಿಷಯಕ್ಕೆ ಐದು ತಿಂಗಳು ಸಾಕಾಯಿತು.

ಇಂಥ ಪರಿಶೀಲನೆಗೆ ಕಾಯಂ ವ್ಯವಸ್ಥೆಯೂ ಇದೆ. ಇಲಾಖಾವಾರು ಸ್ಥಾಯಿ ಸಮಿತಿಗಳು ಬಂದದ್ದು 1993ರಲ್ಲಿ. ಈಗ ಅಂಥ 24 ಸಮಿತಿಗಳಿವೆ. ಪ್ರತಿಯೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಅಲ್ಲಿ ಕ್ಯಾಮೆರಾ ಇರುವುದಿಲ್ಲ. ಕ್ಯಾಮೆರಾ ಇಲ್ಲದ ಕಡೆ ನಮ್ಮ ರಾಜಕಾರಣಿಗಳು ಎಷ್ಟು ಸಮಂಜಸವಾಗಿ ಮಾತಾಡುತ್ತಾರೆ ಎಂಬುದು ಅವರನ್ನು ಹತ್ತಿರದಿಂದ ಬಲ್ಲವರಿಗೆ ಗೊತ್ತು. ಇಲಾಖೆಯ ಕಾರ್ಯದರ್ಶಿ ಕಡತ ಹಿಡಿದು ಬಂದು ಎದುರಿಗೆ ಕೂರಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು. ಹದಿನೈದನೇ ಲೋಕಸಭೆಯಲ್ಲಿ ನೂರಕ್ಕೆ 71 ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು. ಹದಿನೇಳನೆಯದರಲ್ಲಿ ನೂರಕ್ಕೆ 16. ಕಳಿಸಲೇಬೇಕೆಂಬ ನಿಯಮ ನಮ್ಮಲ್ಲಿಲ್ಲ. ಅದೂ ಹೆಚ್ಚುಕಡಿಮೆ ಸರ್ಕಾರದ ಮರ್ಜಿ. ಎಲ್ಲ ಮಸೂದೆಗಳೂ ತಾವಾಗಿಯೇ ಸಮಿತಿಗೆ ಹೋಗಬೇಕು, ಹೋಗದಿದ್ದರೆ ಸರ್ಕಾರ ಸದನದಲ್ಲಿ ಕಾರಣ ಹೇಳಿ ಒಪ್ಪಿಗೆ ಪಡೆಯಬೇಕು ಎಂದು ಕಾರ್ಯವಿಧಾನದ ನಿಯಮಾವಳಿಯಲ್ಲಿ ಬರೆದರೆ ಸಾಕು, ಸಂವಿಧಾನವನ್ನು ಮುಟ್ಟಬೇಕಿಲ್ಲ. ಸಮಿತಿಗೆ ಹೋದರೆ ಎಲ್ಲವೂ ಹದವಾಗುತ್ತದೆ ಎಂದಲ್ಲ. ವಕ್ಫ್ ತಿದ್ದುಪಡಿ ಮಸೂದೆ ಜಂಟಿ ಸಮಿತಿಗೆ ಹೋಗಿತ್ತು. ಅಲ್ಲಿ ಅಂಗೀಕಾರವಾದ 14 ತಿದ್ದುಪಡಿಗಳೂ ಆಡಳಿತ ಮೈತ್ರಿಕೂಟದ ಸದಸ್ಯರವೇ. ವಿರೋಧ ಪಕ್ಷದವರದ್ದು ಒಂದೂ ನಿಲ್ಲಲಿಲ್ಲ. ಆದರೂ ಆಕ್ಷೇಪಗಳು ದಾಖಲೆಯಲ್ಲಿ ಉಳಿಯುತ್ತವೆ. ಧ್ವನಿಮತದಲ್ಲಿ ಅಷ್ಟೂ ಉಳಿಯುವುದಿಲ್ಲ.

ಹಣದ ವಿಷಯಕ್ಕೆ ಬಂದರೆ ಇನ್ನೂ ಸಲೀಸು. ಸಮಯ ಮುಗಿಯಿತೆಂದು ಉಳಿದ ಎಲ್ಲ ಇಲಾಖೆಗಳ ಅನುದಾನ ಬೇಡಿಕೆಗಳನ್ನು ಒಟ್ಟಿಗೆ ಮತಕ್ಕೆ ಹಾಕುವುದಕ್ಕೆ ಗಿಲೊಟಿನ್ ಎನ್ನುತ್ತಾರೆ. 2023ರ ಮಾರ್ಚ್‌ನಲ್ಲಿ ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬಜೆಟ್ ಲೋಕಸಭೆಯಲ್ಲಿ ಹೀಗೆಯೇ, ಗದ್ದಲದ ನಡುವೆ, ಒಂದು ಇಲಾಖೆಯ ಬೇಡಿಕೆಯ ಮೇಲೂ ಚರ್ಚೆಯಾಗದೆ ಪಾಸಾಯಿತು. ನಮ್ಮ ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆಯಲ್ಲಿ ಲಿಫ್ಟ್ ರಿಪೇರಿ ಖರ್ಚಿನ ಮೇಲೆ ನಡೆಯುವ ವಾಗ್ವಾದ ನೆನಪಾಗಿ ನಗು ಬಂತು.

ಈಗ ಸದಸ್ಯನ ಮತಕ್ಕೆ ಬರೋಣ. ಪಕ್ಷದ ಮುಖ್ಯ ಸಚೇತಕರಿಂದ ಬರುವ ಸಣ್ಣ ಟಿಪ್ಪಣಿಗೆ ವಿಪ್ ಎಂದು ಹೆಸರು. ಇಂಥ ದಿನ ಹಾಜರಿರಿ, ಹೀಗೆ ಮತ ಹಾಕಿ ಎಂಬ ಸಾಲಿನ ಕೆಳಗೆ ಗೆರೆ ಎಳೆದಿರುತ್ತದೆ. ಒಂದು ಗೆರೆ ಇದ್ದರೆ ಸೂಚನೆ, ಎರಡಿದ್ದರೆ ಒತ್ತಾಯ, ಮೂರಿದ್ದರೆ ಆಜ್ಞೆ. 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಪಕ್ಷಾಂತರ ನಿಷೇಧದ ಹತ್ತನೇ ಪರಿಚ್ಛೇದವನ್ನು ತಂದ ಮೇಲೆ, ವಿಪ್ ಉಲ್ಲಂಘಿಸಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಕಾಯ್ದೆಗೆ ಕಾರಣವಿತ್ತು. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಎರಡು ವಾರದೊಳಗೆ ಮೂರು ಸಲ ಪಕ್ಷ ಬದಲಿಸಿ ‘ಆಯಾರಾಂ ಗಯಾರಾಂ’ ಎಂಬ ಪದವನ್ನೇ ಕೊಟ್ಟು ಹೋದರು.

ಆದರೆ ಕಾಯ್ದೆ ಹಿಡಿದದ್ದು ಯಾರನ್ನು? ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2019ರಲ್ಲಿ ಇಲ್ಲಿ ಸರ್ಕಾರ ಬಿತ್ತು, ಹದಿನೇಳು ಶಾಸಕರು ಅನರ್ಹರಾದರು, ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು ಚುನಾವಣೆಗೆ ನಿಲ್ಲಲು ಬಿಟ್ಟಿತು. ಡಿಸೆಂಬರ್‌ನಲ್ಲಿ ನಡೆದ 15 ಉಪಚುನಾವಣೆಗಳಲ್ಲಿ 12ನ್ನು ಅವರನ್ನು ಬರಮಾಡಿಕೊಂಡ ಬಿಜೆಪಿಯೇ ಗೆದ್ದಿತು. ಗೆದ್ದ ಬಹುತೇಕರು ಸಚಿವರೂ ಆದರು. ಸರ್ಕಾರ ಬೀಳಿಸುವವರನ್ನು ಈ ಕಾಯ್ದೆ ತಡೆಯಲಾರದು. ಬೀಜದ ಮಸೂದೆಯಲ್ಲಿ ಒಂದು ಕಲಂ ಸರಿಯಿಲ್ಲ ಎಂದು ಪಕ್ಷದಲ್ಲೇ ಇದ್ದುಕೊಂಡು ವಿರುದ್ಧ ಮತ ಹಾಕಬಯಸುವ ಪ್ರಾಮಾಣಿಕನನ್ನು ಮಾತ್ರ ಖಂಡಿತ ತಡೆಯುತ್ತದೆ.

ಬ್ರಿಟನ್ನಿನಲ್ಲೂ ವಿಪ್ ಇದೆ. ಆ ಮೂರು ಗೆರೆಯ ಪದ್ಧತಿ ನಮಗೆ ಬಂದದ್ದೇ ಅಲ್ಲಿಂದ. 2019ರ ಜನವರಿ 15ರಂದು ಬ್ರೆಕ್ಸಿಟ್ ಒಪ್ಪಂದದ ಮೇಲೆ ಪ್ರಧಾನಿ ತೆರೆಸಾ ಮೇ ಅವರ ಸ್ವಂತ ಪಕ್ಷದ 118 ಸದಸ್ಯರು ಅವರ ವಿರುದ್ಧ ಮತ ಹಾಕಿದರು. ಸರ್ಕಾರ 432–202ರಿಂದ ಸೋತಿತು. ಹಾಗೆ ಮತ ಹಾಕಿದ್ದಕ್ಕೆ ಒಬ್ಬರ ಸದಸ್ಯತ್ವವೂ ಹೋಗಲಿಲ್ಲ, ಮರುದಿನ ಅವಿಶ್ವಾಸ ನಿರ್ಣಯ ಬಂದಾಗ ಅದೇ ಸದಸ್ಯರು ಸರ್ಕಾರವನ್ನು ಉಳಿಸಿದರು. ನಮ್ಮಲ್ಲಿ 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು: ಅನರ್ಹತೆಯ ಭಯ ವಿಶ್ವಾಸಮತದಂಥ ಸಂದರ್ಭಗಳಿಗೆ ಮಾತ್ರ ಇರಲಿ. ಮೂರು ದಶಕ ದಾಟಿತು. ಮತ ತನ್ನದಲ್ಲ ಎಂದ ಮೇಲೆ ಸದಸ್ಯ ಮಸೂದೆಯನ್ನು ಓದುವುದಾದರೂ ಯಾಕೆ?

ಉಳಿದದ್ದು ಗದ್ದಲ. ಅದಕ್ಕೂ ಒಂದು ತರ್ಕವಿದೆ. 2010ರಲ್ಲಿ 2ಜಿ ತರಂಗಾಂತರ ಹಗರಣಕ್ಕೆ ಜಂಟಿ ಸಂಸದೀಯ ಸಮಿತಿ ಬೇಕೆಂದು ಬಿಜೆಪಿ ಮತ್ತಿತರ ಪಕ್ಷಗಳು ಇಡೀ ಚಳಿಗಾಲದ ಅಧಿವೇಶನವನ್ನು ನಿಲ್ಲಿಸಿದವು. ಆಗ ಕಾಂಗ್ರೆಸ್ ಸಂಸದೀಯ ಸಭ್ಯತೆಯ ಪಾಠ ಹೇಳುತ್ತಿತ್ತು. ಇಂದು ಪಾತ್ರಗಳು ಅದಲುಬದಲಾಗಿವೆ, ಸಂಭಾಷಣೆ ಅದೇ. 2023ರ ಮುಂಗಾರು ಅಧಿವೇಶನದಲ್ಲಿ ಮಣಿಪುರದ ಬಗ್ಗೆ ರಾಜ್ಯಸಭೆಯಲ್ಲಿ ದಿನಗಟ್ಟಲೆ ಜಗಳ ನಡೆದದ್ದು ಏನು ಮಾತಾಡಬೇಕೆಂದಲ್ಲ, ಯಾವ ನಿಯಮದಡಿ ಮಾತಾಡಬೇಕೆಂದು. ಉಳಿದೆಲ್ಲ ಕಲಾಪ ಬದಿಗಿಟ್ಟು ಚರ್ಚಿಸುವ 267ನೇ ನಿಯಮ ಬೇಕೆಂದು ವಿರೋಧ ಪಕ್ಷಗಳು. ಅಲ್ಪಾವಧಿ ಚರ್ಚೆಯ 176 ಸಾಕೆಂದು ಸರ್ಕಾರ. ಅದೇ ವರ್ಷ ಡಿಸೆಂಬರ್‌ನಲ್ಲಿ ಎರಡೂ ಸದನಗಳಿಂದ 146 ಸದಸ್ಯರು ಅಮಾನತಾದರು. ದೇಶದ ಅಪರಾಧ ಕಾನೂನುಗಳನ್ನೇ ಬದಲಿಸಿದ ಮೂರು ಮಸೂದೆಗಳು ಆ ಖಾಲಿ ಬೆಂಚುಗಳ ಎದುರು ಅಂಗೀಕಾರವಾದವು.

ಬ್ರಿಟಿಷ್ ಕಾಮನ್ಸ್ ಸಭೆಯಲ್ಲಿ ಪ್ರತಿ ಅಧಿವೇಶನಕ್ಕೆ 20 ದಿನ ವಿರೋಧ ಪಕ್ಷಗಳವು. ಆ ದಿನಗಳ ವಿಷಯವನ್ನು ಅವರೇ ಆರಿಸುತ್ತಾರೆ, ಸರ್ಕಾರ ಕೂತು ಉತ್ತರ ಕೊಡುತ್ತದೆ. ನಮ್ಮಲ್ಲೂ ವಾರಕ್ಕೊಂದು ದಿನ ಹಾಗೆ ಬಿಟ್ಟುಕೊಟ್ಟರೆ ಬಾವಿಗಿಳಿಯುವವರೆಲ್ಲ ಮಾರನೇ ದಿನದಿಂದ ಸಭ್ಯರಾಗುತ್ತಾರೆ ಎಂದು ನಾನು ನಂಬಿಲ್ಲ. ಆದರೆ ಗುರುವಾರ ತನ್ನ ಸರದಿ ಬರುತ್ತದೆ ಎಂದು ಗೊತ್ತಿರುವವನಿಗೆ ಸೋಮವಾರ ಫಲಕ ಹಿಡಿದು ನಿಲ್ಲಲು ನೆಪ ಕಡಿಮೆ.

ಸ್ಪೀಕರ್ ಪೀಠದ ಬಗ್ಗೆ ಎರಡೇ ಮಾತು. 1967ರಲ್ಲಿ ನೀಲಂ ಸಂಜೀವ ರೆಡ್ಡಿ ಸ್ಪೀಕರ್ ಆದೊಡನೆ ಪಕ್ಷಕ್ಕೆ ರಾಜೀನಾಮೆ ಕೊಟ್ಟರು. ಅದೇ ವರ್ಷ ಶಿವಮೊಗ್ಗದ ಸಂಸದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಿಗೆ ನಿಂತಾಗ ಅವಕಾಶ ಕೊಟ್ಟವರೂ ಅವರೇ. ಸ್ಪೀಕರ್ ಪಕ್ಷ ತೊರೆಯಲು ಹತ್ತನೇ ಪರಿಚ್ಛೇದದಲ್ಲಿ ಈಗಲೂ ಅವಕಾಶವಿದೆ. ರೆಡ್ಡಿಯವರ ದಾರಿ ಹಿಡಿದವರು ಸಿಗುವುದಿಲ್ಲ. ಇನ್ನು ಉಪಸ್ಪೀಕರ್: ಆದಷ್ಟು ಬೇಗ ಆರಿಸಬೇಕೆಂದು 93ನೇ ವಿಧಿ ಹೇಳುತ್ತದೆ. ಹದಿನೇಳನೇ ಲೋಕಸಭೆ ಐದು ವರ್ಷವೂ ಉಪಸ್ಪೀಕರ್ ಇಲ್ಲದೆಯೇ ಮುಗಿಯಿತು.

ಮತ್ತೆ ಬೀಗದ ಕೈಗೇ ಬರುತ್ತೇನೆ, ಏಕೆಂದರೆ ಉಳಿದ ಸುಧಾರಣೆಗಳೆಲ್ಲ ಬಾಗಿಲು ತೆರೆದ ಮೇಲಿನವು. ಸದಸ್ಯರೇ ಸದನವನ್ನು ಕರೆಸುವುದು ಕನಸಿನ ಮಾತೇನಲ್ಲ. ನಮ್ಮ ಸಂವಿಧಾನದ ಒಂದು ಮೂಲೆಯಲ್ಲಿ ಅದು ಆಗಲೇ ಇದೆ. ತುರ್ತು ಪರಿಸ್ಥಿತಿಯ ಕಹಿ ಇನ್ನೂ ಆರದಿದ್ದ 1978ರಲ್ಲಿ, ಲೋಕಸಭೆಯ ಪೀಠದಲ್ಲಿ ಕರಾವಳಿಯ ಕೆ.ಎಸ್. ಹೆಗ್ಡೆ ಇದ್ದಾಗ, 44ನೇ ತಿದ್ದುಪಡಿ 352ನೇ ವಿಧಿಗೆ ಒಂದು ಉಪವಿಧಿ ಸೇರಿಸಿತು. ತುರ್ತು ಪರಿಸ್ಥಿತಿ ಘೋಷಣೆಯನ್ನು ತಿರಸ್ಕರಿಸಬೇಕೆಂದು ಲೋಕಸಭೆಯ ಹತ್ತನೇ ಒಂದು ಭಾಗದಷ್ಟು ಸದಸ್ಯರು, ಎಂದರೆ ಇಂದಿನ ಲೆಕ್ಕದಲ್ಲಿ 55 ಮಂದಿ, ಸಹಿ ಹಾಕಿ ಕೊಟ್ಟರೆ ಹದಿನಾಲ್ಕು ದಿನದೊಳಗೆ ವಿಶೇಷ ಸಭೆ ನಡೆಯಲೇಬೇಕು. ಸಂಪುಟದ ಅಪ್ಪಣೆ ಬೇಡ.

ಆ ಒಂದು ಸಾಲನ್ನು ತುರ್ತು ಪರಿಸ್ಥಿತಿಗಷ್ಟೇ ಕಟ್ಟಿಡದೆ 85ನೇ ವಿಧಿಗೂ ತಂದರೆ ಆಯಿತು. ಹತ್ತನೇ ಒಂದು ಕಡಿಮೆ ಎನಿಸಿದರೆ ನಾಲ್ಕನೇ ಒಂದು ಇರಲಿ. ಇದಕ್ಕೆ ರಾಜ್ಯಗಳ ವಿಧಾನಸಭೆಗಳ ಅನುಮೋದನೆಯೂ ಬೇಕಿಲ್ಲ. ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಸಾಕು. ಸರ್ಕಾರ ತಾನಾಗಿ ಇಂಥ ಮಸೂದೆ ತರುವುದಿಲ್ಲ, ಬೀಗದ ಕೈಯನ್ನು ಯಾರು ತಾವಾಗಿ ಕೊಟ್ಟಾರು? ಆದರೆ ಸಚಿವರಲ್ಲದ ಯಾವ ಸದಸ್ಯರು ಬೇಕಾದರೂ ಇದನ್ನು ಮಂಡಿಸಬಹುದು. ಶುಕ್ರವಾರ ಮಧ್ಯಾಹ್ನದ ಎರಡೂವರೆ ಗಂಟೆಯ ಅವಧಿ ಇರುವುದೇ ಖಾಸಗಿ ಸದಸ್ಯರ ಮಸೂದೆ, ನಿರ್ಣಯಗಳಿಗೆ. ಅಂಥ ಮಸೂದೆಯೊಂದು ಎರಡೂ ಸದನ ದಾಟಿ ಕಾಯ್ದೆಯಾದದ್ದು ಕೊನೆಯ ಬಾರಿ 1970ರಲ್ಲಿ.